ಹೇಳದೆ ಕೈ ಹಚ್ಚದ ಡಾಕ್ಟರು

ಅವರು ತೀರಿಕೊಂಡ ಸುದ್ದಿ ನನಗೆ ಮೊಬೈಲಿನಲ್ಲಿ ಬಂತು. ರೋಣ, ನರಗುಂದ, ಗಜೇಂದ್ರಗಡ ಈ ಮೂರೂ ಊರಿನ ಡಾಕ್ಟರುಗಳು ಸೇರಿ ಮಾಡಿಕೊಂಡ ವಾಟ್ಸಾಪ್ ಗುಂಪು ಅದು. ಕೈಮುಗಿದ ಚಿತ್ರಗಳೇ ಮೊದಲು ಬಂದು ಬಿದ್ದವು, ಹೋದವರು ಯಾರು ಎಂದು ತಿಳಿಯಲು ಮೇಲೆ ಮೇಲೆ ಸರಿಸುತ್ತ ಹೋಗಬೇಕಾಯಿತು. ಬೆಳಗಿನ ತಿಂಡಿಗೆ ಕೂತವರು ಎದೆ ಹಿಡಿದುಕೊಂಡು ಹಾಗೇ ಗೋಡೆಗೆ ಒರಗಿದ್ದರಂತೆ. ಅದರ ಕೆಳಗೆ ಒಬ್ಬರು 'ಶಾಂತಮೂರ್ತಿ' ಎಂದು ಬರೆದಿದ್ದರು. ಇನ್ನೊಬ್ಬರು 'ಮೃದುಭಾಷಿ, ಅಜಾತಶತ್ರು' ಎಂದಿದ್ದರು. ದುಃಖದ ನಡುವೆಯೂ ನನಗೆ ಮೈ ಉರಿಯಿತು. ಸತ್ತವರ ಬಗ್ಗೆ ಒಳ್ಳೆಯದನ್ನೇ ಬರೆಯಲಿ, ಬೇಡ ಎಂದವರಾರು? ಆದರೆ ಇನ್ಯಾರದೋ ಒಳ್ಳೆಯತನ ತಂದು ಇವರಿಗೆ ಹೊದಿಸಬಾರದು. ಇವರು ಶಾಂತಮೂರ್ತಿಯಾಗಿದ್ದರೆ ನಾನು ಅಷ್ಟು ವರ್ಷ ಇವರ ಜೊತೆ ಕೆಲಸ ಮಾಡುತ್ತಲೇ ಇರಲಿಲ್ಲ. ಶಾಂತಮೂರ್ತಿಗಳು ಆಪರೇಶನ್ ನಡುವೆ ಕೈಚೆಲ್ಲಿ ನಿಲ್ಲುವುದನ್ನು ಬೇಕಾದಷ್ಟು ನೋಡಿದ್ದೇನೆ.

ಹೆಸರು ಬರೆಯುವುದಿಲ್ಲ. ಬರೆದರೆ ಅವರಿಗೆ ಸೇರುತ್ತಿರಲಿಲ್ಲ. ಕಿವಿ, ಮೂಗು, ಗಂಟಲಿನ ಡಾಕ್ಟರು. ಗಜೇಂದ್ರಗಡದ ಜನ ಸಲೀಸಾಗಿ 'ಮೂಗಿನ ಡಾಕ್ಟರ್ರು' ಎನ್ನುತ್ತಿದ್ದರು. ಕಿವಿಯವರಿಗೂ ಗಂಟಲಿನವರಿಗೂ ಅದರಿಂದ ಏನೂ ತೊಂದರೆಯಾಗಲಿಲ್ಲ.

ನನ್ನದು ಅರಿವಳಿಕೆ ಕೊಡುವ ಕೆಲಸ. ನಮ್ಮ ಕಡೆ ಅದಕ್ಕೆ ಭೂಲು ಕೊಡುವುದು ಎನ್ನುತ್ತಾರೆ. ಮನೆ ರೋಣದಲ್ಲಿ, ಸ್ವಂತ ದವಾಖಾನೆ ಎಂಬುದಿಲ್ಲ. ಕಾರಿನ ಡಿಕ್ಕಿಯಲ್ಲಿ ಔಷಧದ ಪೆಟ್ಟಿಗೆ ಹಾಕಿಕೊಂಡು ಒಂದು ದಿನ ನರಗುಂದದಲ್ಲಿ ಹೆರಿಗೆ, ಇನ್ನೊಂದು ದಿನ ಗಜೇಂದ್ರಗಡದಲ್ಲಿ ಮೂಗು, ಮತ್ತೊಂದು ದಿನ ಯಾರದೋ ಮುರಿದ ಕಾಲು ಎಂದು ತಿರುಗಿದವಳು. ರೋಗಿಗಳು ನೋಡುವ ಡಾಕ್ಟರೇ ಬೇರೆ, ನಾನು ನೋಡುವ ಡಾಕ್ಟರೇ ಬೇರೆ. ರೋಗಿ ಮಲಗಿದ ಮೇಲೆ ಶುರುವಾಗುತ್ತದೆ ಅವರ ನಿಜವಾದ ಮಾತು, ನಿಜವಾದ ಬೆವರು.

ಇವರಿಗೆ ಮಾತ್ರ ಎರಡು ಮುಖ ಇರಲಿಲ್ಲ. ಹೊರಗೆ ಕುರ್ಚಿಯಲ್ಲಿ ಕೂತಾಗ ಎಷ್ಟು ಬೈಯುತ್ತಿದ್ದರೋ ಒಳಗೂ ಅಷ್ಟೇ. ಮುದುಕಿಯರು ನಸ್ಯದ ಡಬ್ಬಿ ಸೆರಗಿನಲ್ಲಿ ಕಟ್ಟಿಕೊಂಡೇ ಬಂದು ತಲೆನೋವು ಎಂದು ಕೂರುತ್ತಿದ್ದರು. "ಯಮ್ಮಾ, ಮೂಗು ಅಂದ್ರ ಹಿಟ್ಟಿನ ಗಿರಣಿ ಅಂತ ತಿಳದಿ ಏನ? ಸುರಿದಿದ್ದೆಲ್ಲಾ ಬೀಸಬೇಕಲ್ಲ ಅದು!" ಎಂದು ಇವರು ಕೂಗಿದರೆ ಹೊರಗೆ ಸರದಿಯಲ್ಲಿ ಕೂತವರಿಗೂ ಕೇಳಿಸಬೇಕು. ಮುದುಕಿ ಸೆರಗು ಬಾಯಿಗೆ ಹಿಡಿದುಕೊಂಡು ನಗುತ್ತಿದ್ದಳು. ಇವರು ಆ ಡಬ್ಬಿಯನ್ನು ಕಸಿದು ಮೇಜಿನ ಖಾನೆಗೆ ಎಸೆಯುತ್ತಿದ್ದರು. ವರ್ಷಕ್ಕೊಮ್ಮೆ ಅದನ್ನು ಖಾಲಿ ಮಾಡುವಾಗ ಇಡೀ ದವಾಖಾನೆ ಸೀನುತ್ತಿತ್ತು.

ನನ್ನನ್ನು ಅವರು 'ಬಾಯಾರ' ಎನ್ನುತ್ತಿದ್ದರು. ಗೌರವದ ಮಾತೇ, ಆದರೆ ಅವರ ಬಾಯಲ್ಲಿ ಅದು ಚುಚ್ಚು. ಮೂಗಿನ ಆಪರೇಶನ್ನಿನಲ್ಲಿ ರೋಗಿಯ ರಕ್ತದೊತ್ತಡ ತಗ್ಗಿಸಿ ಹಿಡಿಯಬೇಕು. ಇಲ್ಲವಾದರೆ ರಕ್ತ ಒಸರಿ, ದುರ್ಬೀನಿನ ತುದಿಗೆ ಕೆಂಪು ಬಿಟ್ಟು ಬೇರೇನೂ ಕಾಣುವುದಿಲ್ಲ.

"ಬಾಯಾರ, ಇಳಸ್ರಿ."

"ಇಳಿಸೀನ್ರಿ ಸರ್."

"ಇನ್ನೂ ಇಳಸ್ರಿ."

"ಇನ್ನೂ ಇಳಿಸಿದ್ರ ಇಂವ ಮ್ಯಾಲ ಹೋಗ್ತಾನ್ರಿ."

ಇದು ನಮ್ಮಿಬ್ಬರ ನಿತ್ಯದ ಜಗಳ. ಅವರು ಒಮ್ಮೆಯೂ ನನ್ನ ಮಾತು ಮೀರಿ ಮುಂದುವರಿಯಲಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಸಲಕರಣೆ ಹೊರಗೆಳೆದು, ಬತ್ತಿ ತುರುಕಿ, ಒತ್ತಿ ಹಿಡಿದುಕೊಂಡು ಗೊಣಗುತ್ತ ಕಾಯುತ್ತಿದ್ದರು. ಕಾಯುವುದು ಅವರಿಗೆ ಗೊತ್ತಿತ್ತು.

ಅವರ ಮೇಜಿನ ಮೇಲೆ ಉದ್ದಕ್ಕೆ ಸೀಳಿದ ಅರ್ಧ ತಲೆಬುರುಡೆ ಇರುತ್ತಿತ್ತು. ಪ್ಲಾಸ್ಟಿಕ್ಕಿನದು. ಅದು ನಿಜವಾದ್ದು, ಯಾರದೋ ಸಾಹುಕಾರನದು ಎಂದು ಊರಲ್ಲಿ ಸುದ್ದಿ, ಇವರೂ ಅದನ್ನು ಅಲ್ಲಗಳೆಯುತ್ತಿರಲಿಲ್ಲ. ಹಿಡಿಕಡ್ಡಿಯೊಂದನ್ನು ಅದರ ಮೂಗಿನೊಳಗೆ ತೂರಿಸುತ್ತ ಪಾಠ ಮಾಡುತ್ತಿದ್ದರು. ಹುಬ್ಬಿನ ಹಿಂದೆ ಒಂದು ಪೊಳ್ಳು, ಕೆನ್ನೆಯ ಹಿಂದೆ ಒಂದು ಪೊಳ್ಳು, ಅವೆಲ್ಲ ಸೈನಸ್ಸುಗಳು. ಅವುಗಳಲ್ಲಿ ಕೀವು ತುಂಬಿದರೆ ಮುಖ ಬಾವು ಬರುತ್ತದೆ, ಮುಟ್ಟಿದರೆ ನೋಯುತ್ತದೆ, ಯಾವ ಡಾಕ್ಟರಿಗಾದರೂ ಗೊತ್ತಾಗುತ್ತದೆ. ಕಡ್ಡಿ ಇನ್ನೂ ಹಿಂದಕ್ಕೆ ಹೋಗುತ್ತಿತ್ತು. ಮೂಗು ಮುಗಿದು, ತಲೆಯ ನಟ್ಟನಡುವಿಗೆ ಬಂದು ಟಕ್ ಎಂದು ತಾಗುತ್ತಿತ್ತು. "ಇಲ್ಲಿ ಒಂದು ಐತಿ. ಸ್ಫಿನಾಯ್ಡ್ ಸೈನಸ್. ಇದು ಹೊರಗಿನವರಿಗೆ ಕಾಣಂಗಿಲ್ಲ, ಕೈಗೆ ಸಿಗಂಗಿಲ್ಲ. ನಮ್ಮ ಕಡೆ ಹಗೇವು ಇರ್ತಾವಲ್ಲ, ಹಂಗ."

ಹಗೇವು ಎಂದರೆ ರೋಣ, ನರಗುಂದದ ಎರೆ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಜೋಳ ತುಂಬಿಡುವ ನೆಲದೊಳಗಿನ ಕಣಜ. ಬಾಯಿಗೆ ಹಾಸುಗಲ್ಲು ಮುಚ್ಚಿ ಮೇಲೆ ಮಣ್ಣು ಎಳೆದರೆ, ಅದರ ಮೇಲೆ ಓಡಾಡುವವನಿಗೆ ಕಾಲಡಿ ಏನಿದೆ ಎಂಬುದು ತಿಳಿಯುವುದಿಲ್ಲ. ಡಾಕ್ಟರು ಬೆಳವಣಕಿಯ ಒಕ್ಕಲು ಮನೆಯವರು. ಅವರ ಮನೆಯ ಮುಂದೆ ದೊಡ್ಡ ಹಗೇವು ಇತ್ತಂತೆ. ವರ್ಷಗಟ್ಟಲೆ ಮುಚ್ಚಿದ್ದನ್ನು ತೆರೆದ ಕೂಡಲೆ ಇಳಿಯುವಂತಿಲ್ಲ, ಒಳಗೆ ಕೆಟ್ಟ ಗಾಳಿ ಕೂತಿರುತ್ತದೆ. ಕಂದೀಲು ಇಳಿಬಿಟ್ಟು ನೋಡಬೇಕು, ಅದು ಆರದಿದ್ದರೆ ಮನುಷ್ಯ ಇಳಿಯಬಹುದು. ಅವರ ಚಿಕ್ಕಪ್ಪ ಒಂದು ಸಲ ಅವಸರ ಮಾಡಿ ಇಳಿದವನು ತಾನಾಗಿ ಮೇಲೆ ಬರಲಿಲ್ಲ. ಹಗ್ಗ ಹಾಕಿ ಎಳೆದರಂತೆ. ಈ ಕಥೆಯನ್ನು ಅವರು ನನಗೆ ಒಂದೇ ಸಲ ಹೇಳಿದ್ದು, ಅದೂ ಕೈ ತೊಳೆಯುತ್ತ, ಬೆನ್ನು ತಿರುಗಿಸಿಕೊಂಡು.

ಆ ಪೊಳ್ಳಿನ ಸುತ್ತ ಇರುವವರೆಲ್ಲ ದೊಡ್ಡ ಮಂದಿ. ಮೇಲ್ಛಾವಣಿಯ ಮೇಲೆ ಪಿಟ್ಯುಟರಿ ಗ್ರಂಥಿ, ಅದರಾಚೆ ಮಿದುಳು. ಪಕ್ಕದ ಗೋಡೆಗೆ ಒತ್ತಿಕೊಂಡು ಕಣ್ಣಿನ ನರ. ಅದರ ಕೆಳಗೆ ಮಿದುಳಿಗೆ ರಕ್ತ ಒಯ್ಯುವ ದೊಡ್ಡ ನಾಳ. ನಡುವೆ ಇರುವ ಎಲುಬು ಕೆಲವರಲ್ಲಿ ಉಳ್ಳಾಗಡ್ಡಿಯ ಸಿಪ್ಪೆಯಷ್ಟು ತೆಳುವು, ಕೆಲವರಲ್ಲಿ ಅದೂ ಇಲ್ಲ. ಒಳಗೆ ಒಂದು ಅಡ್ಡಗೋಡೆ ಇರುತ್ತದೆ. ಅದು ನಡುವೆ ನೆಟ್ಟಗೆ ನಿಂತಿರುತ್ತದೆ ಎಂದು ಪುಸ್ತಕ ಓದಿದವರು ತಿಳಿದಿರುತ್ತಾರೆ. ಎಷ್ಟೋ ಜನರಲ್ಲಿ ಅದು ಓರೆಯಾಗಿ ಹೋಗಿ ಆ ರಕ್ತನಾಳದ ಗೋಡೆಗೇ ಅಂಟಿಕೊಂಡಿರುತ್ತದೆ. ಇಕ್ಕಳದಲ್ಲಿ ಹಿಡಿದು ತಿರುವಿದರೆ ರೋಗಿ ಮೇಜಿನ ಮೇಲೆಯೇ ಮುಗಿದ. ಇವರು ಸ್ಕ್ಯಾನಿನ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಂತರೆ ನಾನು ಎರಡು ಸಲ ಚಹಾ ಕುಡಿದು ಬರಬಹುದಿತ್ತು.

ಇನ್ನು ಅವರ ದೊಡ್ಡ ಹಟದ ವಿಷಯ. ರೋಗಿಗೆ ಹೇಳದೆ ಅವರು ಕೈ ಹಚ್ಚುತ್ತಿರಲಿಲ್ಲ. ಇದರಲ್ಲೇನು ವಿಶೇಷ ಎಂದು ಕೇಳುವವರು ನಮ್ಮ ಕಡೆಯ ದವಾಖಾನೆ ನೋಡಿಲ್ಲ. ಇಲ್ಲಿ ರೋಗ ರೋಗಿಯದಲ್ಲ, ಮನೆತನದ್ದು. ರೋಗಿಯನ್ನು ಬೆಂಚಿನ ಮೇಲೆ ಕೂರಿಸಿ, ಅಣ್ಣನೋ ಮಾವನೋ ಒಬ್ಬ ಹಿರಿಯ ಒಳಗೆ ಬಂದು ಬಾಗಿಲು ಮುಂದೆ ಮಾಡುತ್ತಾನೆ. "ಏನಿದ್ರೂ ನಮಗ ಹೇಳ್ರಿ ಸಾಹೇಬ್ರ, ಆಕಿಗೆ ಹೇಳಬ್ಯಾಡ್ರಿ. ಆಕಿ ಮನಸು ಭಾಳ ಸಣ್ಣದು." ನಾವೆಲ್ಲ ತಲೆ ಆಡಿಸುತ್ತೇವೆ. ಆಕೆಗೆ "ಏನೂ ಇಲ್ಲವಾ, ಸಣ್ಣ ಗಂಟು" ಎನ್ನುತ್ತೇವೆ. ಆಕೆಯೂ ನಂಬಿದಂತೆ ಮಾಡುತ್ತಾಳೆ. ಇದು ಪ್ರೀತಿಯೇ, ಅಲ್ಲ ಎನ್ನಲಾರೆ.

ಇವರು ಬಾಗಿಲನ್ನು ಮತ್ತೆ ತೆರೆಸುತ್ತಿದ್ದರು. ರೋಗಿಯ ಎದುರು ಗಿಡ್ಡ ಸ್ಟೂಲು ಎಳೆದುಕೊಂಡು, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತು, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದರು. ಆ ಹೊತ್ತಿಗೆ ಮಾತ್ರ ದನಿ ತಗ್ಗುತ್ತಿತ್ತು. ಕಾಳುಕಡಿ ದಲ್ಲಾಳಿಯ ಅಡತಿ ಅಂಗಡಿಯ ಮುದುಕರೊಬ್ಬರಿಗೆ ಗಂಟಲಲ್ಲಿ ಕ್ಯಾನ್ಸರ್ ಆಗಿತ್ತು. ಮಕ್ಕಳು ಡಾಕ್ಟರರ ಕೈ ಹಿಡಿದು ಹೇಳಬೇಡಿ ಎಂದು ಅತ್ತರು. ಇವರು ಹೇಳಿಯೇ ಬಿಟ್ಟರು. ಮುದುಕರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, "ಹಂಗಾದ್ರ ಮದ್ಲ ಸಣ್ಣಾಂವ್ಗ ವ್ಯಾಪಾರ ತೋರಿಸಿ ಬರ್ತೀನಿ, ದೊಡ್ಡಾಂವ್ಗ ಅದು ತಿಳಿಯಂಗಿಲ್ಲ" ಎಂದರು. ದೊಡ್ಡವ ಅಲ್ಲೇ ನಿಂತಿದ್ದ. ಆ ಮನೆಯ ಮಕ್ಕಳು ಆಮೇಲೆ ಇವರ ಮುಖ ನೋಡಲಿಲ್ಲ.

"ಯಾಕ ಸರ್ ಇಷ್ಟು ಹಟ?" ಎಂದು ಒಮ್ಮೆ ಕೇಳಿದೆ. ದೊಡ್ಡ ತತ್ವ ಬರುತ್ತದೆ ಎಂದುಕೊಂಡಿದ್ದೆ.

"ಸುಳ್ಳು ಹೇಳಿದ್ರ ಯಾರಿಗೆ ಏನು ಹೇಳೀನಿ ಅಂತ ನೆನಪಿಡಬೇಕಾಗ್ತದ್ರಿ. ನನ್ನ ತಲ್ಯಾಗ ಅಷ್ಟು ಜಾಗಾ ಇಲ್ಲ."

ಜೈತುನಬಿ ಅವರಲ್ಲಿಗೆ ಬಂದದ್ದು ಇಂಥ ದಿನಗಳಲ್ಲೇ. ಗಜೇಂದ್ರಗಡದಲ್ಲಿ ಗುಡ್ಡದ ಕೆಳಗಿನ ಓಣಿಯಲ್ಲಿ ಹೆಂಗಸರ ಬಟ್ಟೆ ಹೊಲಿಯುವವಳು, ಗಂಡ ಸತ್ತು ಬಹಳ ವರ್ಷವಾಗಿತ್ತು. ಅಣ್ಣನ ಆಸರೆ. ಅಣ್ಣನದು ಬಸ್ ಸ್ಟ್ಯಾಂಡಿನ ಹತ್ತಿರ ಸೈಕಲ್ ರಿಪೇರಿ ಅಂಗಡಿ. ಆಕೆಯ ಬಲಗಣ್ಣು ಚಿಕ್ಕವಳಿದ್ದಾಗಲೇ ಜಾಲಿ ಮುಳ್ಳು ತಾಗಿ ಹೋಗಿತ್ತು. ಎಡಗಣ್ಣಿನಿಂದಲೇ ಸೂಜಿಗೆ ದಾರ ಪೋಣಿಸಿ, ಎಡಗಣ್ಣಿನಿಂದಲೇ ಊರ ಹೆಂಗಸರ ಅಳತೆ ಹಿಡಿದು ಬದುಕಿದವಳು. ತಿಂಗಳುಗಳಿಂದ ನೆತ್ತಿಯ ನಡುವೆ ನೋವು, ಕಣ್ಣಿನ ಹಿಂದೆ ಯಾರೋ ಒತ್ತಿದ ಹಾಗೆ. ಮಾತ್ರೆ, ಮುಲಾಮು, ಬಿಸಿ ಎಣ್ಣೆ, ತಲೆಗೆ ಬಿಗಿಯಾಗಿ ಬಟ್ಟೆ, ಎಲ್ಲ ಆಗಿತ್ತು. ಈಗ ಎಡಗಣ್ಣೂ ಮಂಜಾಗುತ್ತ ಬಂದಿತ್ತು. ಕನ್ನಡಕದ ಅಂಗಡಿಯವನು ನಂಬರು ಬದಲಿಸಿ ಕೊಟ್ಟ. ಮಂಜು ಹೋಗಲಿಲ್ಲ.

ಸ್ಕ್ಯಾನ್ ಮಾಡಿಸಿದರೆ ಎಡಗಡೆಯ ಸ್ಫಿನಾಯ್ಡ್ ಪೂರಾ ತುಂಬಿ ಉಬ್ಬಿ ಕಣ್ಣಿನ ನರವನ್ನು ಅಮುಕಿ ಹಿಡಿದಿತ್ತು. ಅವತ್ತು ನಾನು ಬೇರೊಂದು ಕೇಸಿಗೆ ಅಲ್ಲೇ ಇದ್ದೆ. ಹುಬ್ಬಳ್ಳಿಗೆ ಕಳಿಸುವ ಮಾತೂ ಬಂತು. ಅಲ್ಲಿ ಹೋಗಿ ಸರದಿ ಹಚ್ಚಿ ಆಗುವಷ್ಟರಲ್ಲಿ ಹೊತ್ತು ಮೀರಬಹುದು ಎಂದು ಇವರೇ ಮಾಡುವುದೆಂದು ನಿರ್ಧಾರವಾಯಿತು. ಮರುದಿನ ಬೆಳಿಗ್ಗೆ, ಮೊದಲ ಕೇಸು. ಅಣ್ಣ ಎಂದಿನಂತೆ ಬಾಗಿಲು ಮುಂದೆ ಮಾಡಿ, "ಆಕಿಗೆ ಕಣ್ಣಿನ ಮಾತು ತಗೀಬ್ಯಾಡ್ರಿ ಸಾಹೇಬ್ರ. ನೆಗಡಿ ಕಟ್ಟೇತಿ, ತೆಗೀತೀವಿ ಅನ್ರಿ, ಸಾಕು" ಎಂದ. ಇವರು ಎದ್ದು ಬಾಗಿಲು ತೆರೆದು, ಸ್ಟೂಲನ್ನು ಕಾಲಿನಿಂದ ಸರಿಸಿಕೊಂಡು ಆಕೆಯ ಎದುರು ಕೂತರು.

"ನೋಡವಾ. ನಿನ್ನ ಈ ಕಣ್ಣಿನ ನರದ ಮ್ಯಾಲ ಕೀವಿನ ಗಡ್ಡಿ ಕುಂತೈತಿ. ಬಿಟ್ರ ಕಣ್ಣು ಹೋಗೂದು ಖರೇ. ತೆಗದ್ರ ಉಳೀಬಹುದು. ಆದ್ರ ತೆಗಿಯೂ ಮುಂದ ನನ್ನ ಕೈ ಒಂದೀಟು ಆಕಡೆ ಈಕಡೆ ಆದ್ರ ಅವಾಗೂ ಹೋಗಬಹುದು. ಜೀವಕ್ಕೂ ಧೋಕಾ ಐತಿ, ಕಡಿಮಿ. ನಾ ನನ್ನ ಕೈಲಾದಷ್ಟು ಚಲೋ ಮಾಡ್ತೀನಿ."

ಜೈತುನಬಿ ಅಳಲಿಲ್ಲ. "ಮುಂಜಾನಿ ತನಕ ಏನೂ ಆಗಂಗಿಲ್ಲಲ್ರಿ?" ಎಂದು ಕೇಳಿದಳು.

"ಆಗಬಾರದು. ಆದ್ರ ಅದರಾಚೆ ಒಂದು ದಿನಾನೂ ತಡಾ ಮಾಡೂದು ಬ್ಯಾಡ."

"ಆತ್ರಿ" ಎಂದಳು. ಇಂಜೆಕ್ಷನ್ ಹಚ್ಚಿ ವಾರ್ಡಿನಲ್ಲಿ ಮಲಗಿಸಿದರು.

ಮರುದಿನ ನಾನು ರೋಣದಿಂದ ಬಂದು ಇಳಿಯುವಾಗ ವರಾಂಡದಲ್ಲಿ ಗದ್ದಲ. ಮಂಚ ಖಾಲಿ. ಹಿಂದಿನ ಸಂಜೆ ಅಣ್ಣ ಚಹಾ ತರಲು ಹೋದಾಗಲೇ ಆಕೆ ಎದ್ದು ಹೋಗಿದ್ದಳು. ರಾತ್ರಿಯಿಡೀ ಓಣಿ, ಬಸ್ ಸ್ಟ್ಯಾಂಡು, ಬಳಗದವರ ಮನೆ ಎಲ್ಲ ಹುಡುಕಿದ್ದರು. ಅಣ್ಣ ಬಂದು ಡಾಕ್ಟರರ ಮುಂದೆ ನಿಂತು ಕಿರುಚಲೂ ಇಲ್ಲ, ಬರೇ ಕೇಳಿದ: "ಯಾಕ ಹೇಳಿದ್ರಿ ಸಾಹೇಬ್ರ? ನಾ ಬ್ಯಾಡ ಅಂದಿದ್ನೆಲ್ರಿ. ಹೆದರಿ ಓಡ್ಯಾಳ ನೋಡ್ರಿ."

ಇವರು ಗೌನು ಹಾಕಿಕೊಂಡೇ ಮಧ್ಯಾಹ್ನದವರೆಗೂ ಕೂತಿದ್ದರು. ನಾನು ನರಗುಂದಕ್ಕೆ ಹೋಗಬೇಕಿತ್ತು, ಹೋಗಲಿಲ್ಲ.

ನಾಲ್ಕೈದು ದಿನ ಬಿಟ್ಟು ಆಕೆಯೇ ಬಸ್ಸಿಳಿದು ಗೋಡೆ ತಡವುತ್ತ ಅಣ್ಣನ ಅಂಗಡಿಗೆ ಬಂದಳು. ಚಾಕು ಎಂದರೆ ಹೆದರಿಕೆಯಾಗಿ ಯಾವುದೋ ದರ್ಗಾದಲ್ಲಿ ಹೋಗಿ ಕೂತಿದ್ದೆ ಎಂದಳಂತೆ. ಎಲ್ಲರೂ ನಂಬಿದೆವು. ನಂಬದಿರಲು ಏನಿತ್ತು? ಡಾಕ್ಟರು ಟಾರ್ಚು ಹಿಡಿದು ಆ ಕಣ್ಣಿಗೆ ಬೆಳಕು ಬಿಟ್ಟರು. ಪಾಪೆ ಅಲುಗಲಿಲ್ಲ. ಇನ್ನೊಮ್ಮೆ ಬಿಟ್ಟರು. "ಏನರೆ ಕಾಣ್ತೈತೇನವಾ?" ಎಂದರು. "ಇಲ್ರಿ" ಎಂದಳು.

ಆದರೂ ಅವತ್ತೇ ಆಪರೇಶನ್ ಮಾಡಿದರು. ನಾನೇ ಭೂಲು ಕೊಟ್ಟೆ. ಅವರು ಒಂದು ಸಲವೂ ನನ್ನನ್ನು ಬೈಯಲಿಲ್ಲ, ಇಳಿಸಿ ಎನ್ನಲಿಲ್ಲ. ಅಂಥ ಚೊಕ್ಕ ಕೆಲಸವನ್ನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಗೋಡೆಗೆ ಸಣ್ಣ ಕಿಂಡಿ ಕೊರೆದು, ತಡೆದು, ಒಳಗಿನದು ತಾನಾಗಿ ಹೊರಬರುವ ತನಕ ಕಾದರು. ಹಳದಿ ಕೀವು ಗಟ್ಟಿಯಾಗಿ ಬಂತು. ಎಲ್ಲ ತೊಳೆದು ಮುಗಿಸಿದರು. ಒಂದೆರಡು ದಿನಕ್ಕೆ ಜೈತುನಬಿ ಎದ್ದು ಕೂತು, ದನಿ ಬಂದ ಕಡೆ ಮುಖ ತಿರುಗಿಸಿ, "ತಲಿಶೂಲಿ ಪೂರಾ ಹೋತ್ರಿ ಸಾಹೇಬ್ರ. ನಿಮ್ಮ ಕೈ ಭಾಳ ಹಗೂರ" ಎಂದಳು. ಕಣ್ಣು ಬರಲಿಲ್ಲ. ಬರುವುದಿಲ್ಲವೆಂದು ನಮಗೆ ಗೊತ್ತಿತ್ತು.

ಇವರು ಬೆಳಗಿನ ನಡಿಗೆಗೆ ಬಸ್ ಸ್ಟ್ಯಾಂಡಿನ ಕಡೆ ಹೋಗಿ ನಿಂತುಕೊಂಡೇ ಗಿರ್ಮಿಟ್ ತಿನ್ನುವುದು ರೂಢಿ. ಅದು ನಿಂತಿತು. ಸೈಕಲ್ ಅಂಗಡಿಯ ಮುಂದೆ ಜೈತುನಬಿ ಕೂತಿರುತ್ತಿದ್ದಳು, ನಟ್ಟು ಬೋಲ್ಟುಗಳನ್ನು ಬೆರಳಿನಿಂದ ಗುರುತಿಸಿ ಡಬ್ಬಿಗೆ ಹಾಕುತ್ತ. ಅವಳಿಗೆ ಇವರು ಕಾಣುತ್ತಿರಲಿಲ್ಲ. ಆದರೂ ಇವರು ಸುತ್ತುಹಾಕಿ ಬೇರೆ ದಾರಿಯಿಂದ ಬರತೊಡಗಿದರು.

ಇಷ್ಟಾದರೂ ಅವರು ಮುರಿಯಲಿಲ್ಲ. ಸ್ಟೂಲು ಎಳೆದುಕೊಂಡು ಕೂರುವುದು ನಡೆದೇ ಇತ್ತು, ದನಿ ಇನ್ನೂ ತಗ್ಗಿತ್ತು ಅಷ್ಟೇ. ಮುರಿದದ್ದು ಇನ್ನೊಬ್ಬನಿಂದ, ಮುಶಿಗೇರಿ ಕಡೆಯ ಒಬ್ಬ ಟ್ರ್ಯಾಕ್ಟರ್ ಡ್ರೈವರನಿಂದ. "ಒಂದ ರಸ್ತಾ ಎರಡಾಗಿ ಕಾಣ್ತೈತ್ರಿ, ಯಾವುದರಾಗ ಹೋಗ್ಲಿ?" ಎಂದು ಕೇಳುತ್ತ ಬಂದಿದ್ದ. ಒಂದು ಕಣ್ಣು ಮೂಗಿನ ಕಡೆ ಸರಿದು ನಿಂತಿತ್ತು. ಸ್ಕ್ಯಾನಿನಲ್ಲಿ ಮತ್ತೆ ಅದೇ ಪೊಳ್ಳು, ಅದೇ ಕೀವು, ಈ ಸಲ ಕಣ್ಣನ್ನು ಹೊರಳಿಸುವ ನರಕ್ಕೆ ತಾಗಿತ್ತು. ಬಿಟ್ಟರೆ ನೋಡುವ ನರಕ್ಕೂ ಹೊರಳುವುದಿತ್ತು. ಅವನ ಮಾವ ಬಾಗಿಲು ಮುಂದೆ ಮಾಡಿ ಅದೇ ಮಾತು ಹೇಳಿದ: "ಅಂವ್ಗ ಹೇಳಬ್ಯಾಡ್ರಿ." ನಾನು ಸ್ಟೂಲಿನ ಸದ್ದಿಗೆ ಕಾದೆ. ಡಾಕ್ಟರು ಕುರ್ಚಿಯಿಂದ ಏಳಲಿಲ್ಲ. ಅಲ್ಲಿಂದಲೇ ಕತ್ತು ಹೊರಳಿಸಿ ಹೊರಗಿದ್ದವನಿಗೆ ಕೂಗಿದರು: "ಏನಿಲ್ಲೋ ತಮ್ಮಾ, ಮೂಗಿನ್ಯಾಗ ಹೊಲಸು ಕುಂತೈತಿ. ನಾಳಿ ತೊಳದ ಬಿಡ್ತೀನಿ."

ಅವನು ಹಾಯಾಗಿ ನಿದ್ದೆ ಮಾಡಿ, ಬೆಳಿಗ್ಗೆ ನರ್ಸಮ್ಮನ ಜೊತೆ ಚೇಷ್ಟೆ ಮಾಡುತ್ತ ಥಿಯೇಟರಿಗೆ ನಡೆದು ಬಂದ. ಎಲ್ಲ ಸರಾಗವಾಯಿತು. ವಾರಗಳು ಕಳೆದ ಹಾಗೆ ಕಣ್ಣು ತನ್ನ ಜಾಗಕ್ಕೆ ಬಂತು. ಒಂದು ಚೀಲ ಸೇಂಗಾ ಹೊತ್ತು ತಂದು ದವಾಖಾನೆಯ ಬಾಗಿಲಲ್ಲಿ ಇಳಿಸಿ ಇವರ ಕಾಲು ಮುಟ್ಟಿದ. ಅವನು ಹೋದ ಮೇಲೆ ಇವರು ಆ ಚೀಲದತ್ತ ನೋಡುತ್ತ ಕೂತರು.

"ಬಾಯಾರ, ಆಕಿಗೆ ಖರೇ ಹೇಳಿದೆ, ಕಣ್ಣು ಹೋತು. ಇವಂಗ ಸುಳ್ಳು ಹೇಳಿದೆ, ಉಳೀತು."

"ರೋಗ ಬ್ಯಾರೆ ಸರ್, ಮನಷ್ಯಾರು ಬ್ಯಾರೆ. ಎರಡಕ್ಕೂ ಗಂಟು ಹಾಕಬ್ಯಾಡ್ರಿ."

"ಗಂಟು ನಾ ಹಾಕಿಲ್ರಿ. ಆಕಿ ಎದ್ದು ಹೋಗಿದ್ದು ನನ್ನ ಮಾತು ಕೇಳಿ. ನನ್ನ ಕೈ ಅಲ್ಲ, ನನ್ನ ಬಾಯಿ ಆಕಿ ಕಣ್ಣು ತಗೀತು."

ನಾನು ಇನ್ನೂ ಏನೇನೋ ಹೇಳಿದೆ. ಓದಿದವರು ಹೇಳುವಂಥದೇ. ಅವರು ಕೇಳಿಸಿಕೊಳ್ಳಲಿಲ್ಲ. ಆಮೇಲೆ ಅವರು ಸ್ಫಿನಾಯ್ಡ್ ಮುಟ್ಟಲಿಲ್ಲ. ಅಂಥ ಸ್ಕ್ಯಾನ್ ಬಂದರೆ ಸತ್ಯವನ್ನೂ ಹೇಳುತ್ತಿರಲಿಲ್ಲ, ಸುಳ್ಳನ್ನೂ ಹೇಳುತ್ತಿರಲಿಲ್ಲ. "ಹುಬ್ಬಳ್ಳಿಗೆ ಹೋಗ್ರಿ" ಎಂದು ಚೀಟಿ ಬರೆದುಕೊಡುತ್ತಿದ್ದರು. ಕೆಲವರು ಹೋದರು. ಕೆಲವರು ಬಸ್ ಸ್ಟ್ಯಾಂಡಿನ ತನಕ ಹೋಗಿ ಮನೆಗೆ ತಿರುಗಿದರು. ಅವರಲ್ಲಿ ಒಬ್ಬ ಹೆಣ್ಣುಮಗಳು ಜ್ವರ ಮಿದುಳಿಗೇರಿ ಸತ್ತಳೆಂದು ಆಮೇಲೆ ತಿಳಿಯಿತು. ಆ ಸುದ್ದಿಯನ್ನು ಅವರಿಗೆ ನಾನು ಹೇಳಲಿಲ್ಲ, ಬೇರೆ ಯಾರೋ ಹೇಳಿದರು. ಬರಬರುತ್ತ ಬೈಯುವುದೂ ನಿಂತಿತು. ಮುದುಕಿಯರ ನಸ್ಯದ ಡಬ್ಬಿ ಅವರ ಸೆರಗಿನಲ್ಲೇ ಉಳಿಯಿತು. ಗುಂಪಿನಲ್ಲಿ ಶಾಂತಮೂರ್ತಿ ಎಂದು ಬರೆದವರು ಕಂಡದ್ದು ಬಹುಶಃ ಈ ಕೊನೆಯ ವರ್ಷಗಳ ಮನುಷ್ಯನನ್ನು. ಅದು ಶಾಂತಿ ಆಗಿರಲಿಲ್ಲ.

ಅವರ ಮಣ್ಣಿಗೆ ಹೋಗಲು ನನಗೆ ಆಗಲಿಲ್ಲ, ನರಗುಂದದಲ್ಲಿ ಒಂದು ಹೆರಿಗೆ ಕೈಬಿಡುವಂತಿರಲಿಲ್ಲ. ಮೂರನೆಯ ದಿನ ಗಜೇಂದ್ರಗಡಕ್ಕೆ ಹೋದೆ. ಮನೆಯೊಳಗೆ ಹೆಂಗಸರ ನಡುವೆ ಅವರ ಹೆಂಡತಿಯ ಕೈ ಹಿಡಿದು ಸ್ವಲ್ಪ ಹೊತ್ತು ಕೂತೆ. ಹೊರಗೆ ಬಂದಾಗ ಕಟ್ಟೆಯ ತುದಿಯಲ್ಲಿ ಜೈತುನಬಿ ಕೂತಿದ್ದಳು. ಅಣ್ಣ ಆಕೆಯನ್ನು ಅಲ್ಲಿ ಕೂರಿಸಿ ಗಂಡಸರ ಕಡೆಗೆ ಹೋಗಿದ್ದ. ನಾನು ಮಾತಾಡಿಸಿದೆ. ದನಿ ಹಿಡಿದು ಗುರುತಿಸಿದಳು. "ಭೂಲ್ ಕೊಡೂ ಅಕ್ಕಾರ ಅಲ್ರಿ? ಕುಂಡ್ರ್ರಿ." ಕೂತೆ. ಅಣ್ಣ ಹತ್ತಿರ ಇಲ್ಲವೆಂದು ಕೇಳಿ ಖಾತ್ರಿ ಮಾಡಿಕೊಂಡಳು.

"ಅಕ್ಕಾರ, ಒಂದು ಮಾತು ಅವರಿಗೆ ಹೇಳಬೇಕು ಹೇಳಬೇಕು ಅಂತ ಇದ್ದೆ. ಅವರು ನಮ್ಮ ಅಂಗಡಿ ಕಡೆ ಬರೂದ ಬಿಟ್ಟಿದ್ರು. ನಾ ಅವತ್ತ ಹೆದರಿ ಹೋಗಿದ್ದಿಲ್ರಿ."

"ಮತ್ತ?"

"ನನಗ ಒಬ್ಬಾಕಿ ಮಗಳದಾಳ್ರಿ, ನರಗುಂದದಾಗ. ತನ್ನ ಮನಸಿಗೆ ಬಂದಾಂವನ ಕೂಡ ಹೋದ್ಲು. ಆಕಿ ನಮ್ಮ ಪಾಲಿಗೆ ಸತ್ಲು ಅಂತ ಅಣ್ಣ ಆಣಿ ಹಾಕ್ಯಾನ. ಹೆಸರ ತಗದ್ರ ನನ್ನೂ ಹೊರಗ ಹಾಕ್ತಿದ್ದ. ಕಣ್ಣು ಉಳದ್ರ ಉಳೀಬಹುದು, ಹೋದ್ರ ಹೋಗಬಹುದು ಅಂದ್ರಲ್ರಿ ಸಾಹೇಬ್ರು, ಅವಾಗ ನನಗ ಬ್ಯಾರೆ ಏನೂ ನೆನಪಾಗಲಿಲ್ಲ. ಒಂದ್ಸಲ ಆಕಿ ಮಾರಿ ನೋಡಿ, ಮುಂಜಾನಿ ಮೊದಲನೇ ಬಸ್ಸಿಗೆ ಬಂದ್ರಾತು ಅಂತ ಹೋದೆ."

ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ನೋಡಿದೇನವಾ?"

"ಬಾಗಲದಾಗ ಬಂದ್ಲ್ರಿ. ಅಮ್ಮಾ ಅಂದ್ಲು. ನನಗ ಆಕಿ ಸೀರಿ ಅಂಚು ಕಾಣ್ತು, ಬಾಗಲ ಚೌಕಟ್ಟು ಕಾಣ್ತು. ನಡುವ ಮಾರಿ ಇರೂ ಜಾಗಾದಾಗ ಬರೇ ಕತ್ತಲಿ ಇತ್ರಿ. ಹ್ಯಾಂಗ ಕಾಣ್ತೀನಮ್ಮಾ ಅಂತ ಕೇಳಿದ್ಲು. ಚಲೋ ಕಾಣಾಕತ್ತಿ ಬೇಟಿ, ತುಂಬಿಕೊಂಡೀ ಅಂದೆ. ಮುಂಜಾನಿ ಬೆಳಕಿಗೆ ಕಂಡೀತು ಅಂತ ಉಳಕೊಂಡೆ. ಮುಂಜಾನಿ ಕಾಣಲಿಲ್ಲ. ಇನ್ನೊಂದು ದಿನ ನೋಡೂಣು ಅಂತ ಉಳಕೊಂಡೆ. ದಿನಾ ಮುಂಜಾನಿ ಎದ್ದು ಆಕಿ ಕಡೆ ನೋಡ್ತಿದ್ದೆ ಅಕ್ಕಾರ. ಅಂಚೂ ಹೋತು ಕಡೀಕ."

ಒಳಗಿಂದ ಯಾರೋ ಅಳುವ ಸದ್ದು ಬಂತು. ಡಾಕ್ಟರ ಹೆಂಡತಿಯೇ ಇರಬೇಕು.

"ಹೆದರಿ ಓಡಿ ಹೋಗಿದ್ದೆ ಅಂದ್ರ ಯಾರೂ ಮುಂದಕ್ಕ ಕೇಳಂಗಿಲ್ರಿ. ಅದಕ್ಕ ಹಂಗಂದೆ. ಸಾಹೇಬ್ರಿಗೆ ಹೇಳಿದ್ರ ಅವರು ಸುಳ್ಳು ಹೇಳೂ ಮನಷ್ಯಾ ಅಲ್ಲ, ಅಣ್ಣನ ಮುಂದ ಎಲ್ಲಿ ಅಂದುಬಿಡ್ತಾರೋ ಅಂತ ಬಾಯಿ ಮುಚ್ಚಿಕೊಂಡೆ." ಆಮೇಲೆ ಕೈ ಚಾಚಿ ನನ್ನ ಮೊಣಕಾಲು ಹುಡುಕಿ ಅದರ ಮೇಲೆ ಇಟ್ಟಳು. "ಅವರು ಯಾವಾಗರೆ ನನ್ನ ಮಾತು ತಗೀತಿದ್ರೇನ್ರಿ? ಎಂಥಾ ಅಂಜುಬುರುಕಿ ಹೆಂಗಸು ಅಂತ ನಕ್ಕಿರಬೇಕು ಅವರು."

"ಹೂಂನವಾ" ಎಂದೆ. "ಒಮ್ಮೊಮ್ಮೆ ನೆನಸಿಕೊಂಡು ನಗತಿದ್ರು."

ಆಕೆಯ ಮುಖ ಹಗುರಾಯಿತು. "ನಗಲಿ ಬಿಡ್ರಿ" ಎಂದು, ಅಣ್ಣನನ್ನು ಕರೆಯಲು ಹೇಳಿದಳು.